ಸಂಜೆ ಪಾಳಿಯ ಕೀಬೋರ್ಡ್

ಜೂನ್ 3, ಸೋಮವಾರ

ಇವತ್ತಿನಿಂದ ನೀರು ಶುದ್ಧೀಕರಣ ಘಟಕದ ಕೆಲಸ. ಊರಿಗೆಲ್ಲ ನೀರು ಹೋಗುವುದು ಇಲ್ಲಿಂದಲೇ, ನಮ್ಮ ಮನೆಯ ನಲ್ಲಿಗೂ. ಹೊರಡುವಾಗ ಅತ್ತೆ ಕೇಳಿದರು, "ಅಲ್ಲೇನು ಮಾಡ್ತೀಯೇ?" "ಹಳೇ ಕಂಪ್ಯೂಟರಿಗೆ ಹೊಸ ಕೀಬೋರ್ಡ್ ಹೊಂದಿಸೋದು" ಎಂದೆ. "ಅಷ್ಟಕ್ಕೆ ಇಷ್ಟು ಓದಬೇಕಿತ್ತಾ" ಎಂದು ಮೂಗು ಮುರಿದರು. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹನ್ನೆರಡು ವರ್ಷದಿಂದ ಇದೇ ಪ್ರಶ್ನೆ.

ಘಟಕದ ಹಿಂದಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಹಳೆಯ ಯಂತ್ರವಿದೆ. ನೀರಿಗೆ ಎಷ್ಟು ಕ್ಲೋರಿನ್ ಬೆರೆಸಬೇಕು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಕೆಟ್ಟು ನಿಂತಿಲ್ಲವಂತೆ. ಆದರೆ ಅದಕ್ಕೆ ಅಂಕಿ ಹೇಳುವ ಹಸಿರು ಪರದೆಯ ಟರ್ಮಿನಲ್‌ಗಳು ಒಂದೊಂದಾಗಿ ಕಣ್ಣು ಮುಚ್ಚಿವೆ, ಬಿಡಿಭಾಗ ಸಿಗುವುದಿಲ್ಲ. ಹಾಗಾಗಿ ಮೇಜಿನ ಮೇಲೆ ಮಾಮೂಲಿ ಕಂಪ್ಯೂಟರ್ ಇಟ್ಟು ಅದರಲ್ಲಿ ಎಮ್ಯುಲೇಟರ್ ಹಾಕಬೇಕು, ಅಂದರೆ ಹೊಸದಕ್ಕೆ ಹಳೆಯ ಟರ್ಮಿನಲ್‌ನ ವೇಷ ಕಟ್ಟಬೇಕು. ಪರದೆಗೆ ವೇಷ ಕಟ್ಟುವುದು ಸುಲಭ. ಕೈಕೊಡುವುದು ಯಾವಾಗಲೂ ಕೀಬೋರ್ಡೇ. ಹೊಸ ಕೀ ಕಳಿಸುವ ಸಂಕೇತ ಒಂದು, ಹಳೆಯ ಯಂತ್ರ ಕಾಯುವ ಸಂಕೇತ ಇನ್ನೊಂದು. ಎರಡನ್ನೂ ಒಂದು ದಾರಿಗೆ ತರುವವಳು ನಾನು.

ಇಲ್ಲಿನ ಇಂಜಿನಿಯರ್ ಒಳ್ಳೆಯವರು, ಅವಸರದವರು. ಶುಕ್ರವಾರ ನಾಲ್ಕಕ್ಕೆ ಕೇಂದ್ರ ಕಚೇರಿಯವರು ನೋಡಲು ಬರುತ್ತಾರಂತೆ, ಅಷ್ಟರೊಳಗೆ ಎಲ್ಲ ಆಗಬೇಕಂತೆ. ಆಗುತ್ತದೆ ಎಂದಿದ್ದೇನೆ. ಆಗಿಸುತ್ತೇನೆ ಕೂಡ.

ಜೂನ್ 5, ಬುಧವಾರ

ಎಫ್-1 ಒತ್ತಿದರೆ ಹಳೆಯ ಯಂತ್ರದ ಪಟ್ಟಿ ತೆರೆಯಬೇಕು, ಬದಲಿಗೆ ಹೊಸ ಕಂಪ್ಯೂಟರಿನ ಸಹಾಯ ಪುಟ ಹಲ್ಲು ಕಿರಿಯುತ್ತಿತ್ತು. ಅದರ ಕಿವಿ ಹಿಂಡಿ ಸರಿ ಮಾಡಿದೆ. ಬಲಬದಿಯ ಅಂಕಿಗಳ ಗುಂಪಿನಲ್ಲಿ ಏಳು ಒತ್ತಿದರೆ ಕರ್ಸರ್ ಮೂಲೆಗೆ ಹಾರುತ್ತಿತ್ತು. ಅದೂ ಸರಿಯಾಯಿತು. ಬೆಳಗಿನ ಪಾಳಿಯ ಹುಡುಗಿ ಹೊಸಬಳು, ಹೇಳಿದ್ದನ್ನು ಒಂದೇ ಸಲಕ್ಕೆ ಕಲಿತಳು.

ಸಂಜೆ ಪಾಳಿಯವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಪಾಠ ಹೇಳಿದವರಲ್ಲ, ಆದರೆ ಇಲ್ಲಿ ಕೆಲಸಕ್ಕೆ ಬಂದವರೆಲ್ಲ ಅವರ ಕೈಕೆಳಗೇ ಪಳಗಿದ್ದು. ನಿವೃತ್ತಿಗೆ ಐದೇ ತಿಂಗಳು. ಅವರದೊಂದು ತಮಾಷೆಯ ಚಾಳಿ ನೋಡಿದೆ. ಕ್ಲೋರಿನ್ ಪ್ರಮಾಣ ತುಂಬುವ ಜಾಗಕ್ಕೆ ಬಂದ ತಕ್ಷಣ ಮೊದಲು '1' ಒತ್ತುತ್ತಾರೆ. ಆಮೇಲೆ ಅದನ್ನು ಅಳಿಸಿ ಬೇಕಾದ ಅಂಕಿ ತುಂಬುತ್ತಾರೆ.

"ಯಾಕೆ ಮೇಷ್ಟ್ರೇ, ಆ ಒಂದು ಯಾಕೆ?" ಎಂದೆ.

"ಹಳೇದು ನಿದ್ದೆ ಹೋಗ್ತಿತ್ತಮ್ಮ. ಮೊದಲನೇ ಅಕ್ಷರ ಅದರ ಕಿವಿಗೆ ಬೀಳ್ತಿರಲಿಲ್ಲ. ಅದಕ್ಕೆ ಒಂದು ಕುಟ್ಟಿ ಎಬ್ಬಿಸೋದು. ಎದ್ದಿದ್ರೆ ಆ ಒಂದನ್ನ ಅಳಿಸೋದು, ಅಷ್ಟೆ."

"ಇದು ನಿದ್ದೆ ಮಾಡಲ್ಲ, ನೇರವಾಗಿ ಹೊಡೀರಿ."

"ತಲೆಗೆ ಗೊತ್ತಾಯ್ತು. ಇನ್ನು ಬೆರಳಿಗೆ ಗೊತ್ತಾಗಬೇಕು" ಎಂದು ನಕ್ಕರು. ಇಪ್ಪತ್ತೆಂಟು ವರ್ಷ ಕುಟ್ಟಿದ ಬೆರಳು, ನನ್ನ ಮಾತು ಕೇಳುತ್ತದೆಯೇ.

ಜೂನ್ 7, ಶುಕ್ರವಾರ

ಇವತ್ತು ಜೀವ ಬಾಯಿಗೆ ಬಂದಿತ್ತು. ಎರಡೂವರೆಗೆ ಮೇಷ್ಟ್ರು ಕರೆದರು, "ಅಳಿಸೋ ಕೀ ಅಳಿಸ್ತಾ ಇಲ್ಲ ನೋಡಮ್ಮ." ನೋಡಿದರೆ ಹೌದು. ಬ್ಯಾಕ್‌ಸ್ಪೇಸ್ ಒತ್ತಿದಷ್ಟು ಸಲವೂ ಅಕ್ಷರ ಹೋಗುವ ಬದಲು ಪರದೆಯ ಮೇಲೆ ಒಂದು ಗಾಳದಂಥ ಗುರುತು ಬಂದು ಕೂರುತ್ತಿದೆ. ಈ ಕಸುಬಿನಲ್ಲಿ ಇದು ಹಳೆಯ ರೋಗ. ಅಳಿಸು ಎನ್ನಲು ಸಂಕೇತಗಳು ಎರಡು, ಎಂಟು ಮತ್ತು ನೂರ ಇಪ್ಪತ್ತೇಳು. ಬೆಳಿಗ್ಗೆ ಬಾಣದ ಕೀಗಳನ್ನು ಸರಿಪಡಿಸುವಾಗ ಇದೂ ಬದಲಾಗಿರಬೇಕು, ಕೀಬೋರ್ಡ್ ಈಗ ಎಂಟು ಕಳಿಸುತ್ತಿತ್ತು, ಯಂತ್ರಕ್ಕೆ ಬೇಕಾದದ್ದು ಇನ್ನೊಂದು.

ಸಂಕೇತವನ್ನೇ ಬದಲಿಸಿದರೆ ಉಳಿದ ಕೀಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು, ಅರ್ಧ ದಿನ ಹೋಗುತ್ತದೆ. ಇಂಜಿನಿಯರ್ ನನ್ನ ಬೆನ್ನ ಹಿಂದೆಯೇ ನಿಂತು ಗಡಿಯಾರ ನೋಡುತ್ತಿದ್ದರು. ಆಗ ಹೊಳೆಯಿತು. ಎಂಟು ಬಂದಾಗ ಪರದೆಯ ಮೇಲಿನ ಅಕ್ಷರವನ್ನು ಒರೆಸಿ ಒಂದು ಹೆಜ್ಜೆ ಹಿಂದೆ ಬಾ ಎಂದು ಎಮ್ಯುಲೇಟರಿಗೆ ಹೇಳುವ ಸೆಟ್ಟಿಂಗ್ ಇದೆ. ಹಾಕಿದೆ. ಅಂಕಿ ಒತ್ತಿದೆ, ಅಳಿಸಿದೆ, ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ಇಂಜಿನಿಯರ್ "ಮೇಡಂ, ನೀವು ಮಾಂತ್ರಿಕರು" ಎಂದರು.

ನಾಲ್ಕಕ್ಕೆ ದೊಡ್ಡವರು ಬಂದರು, ನೋಡಿದರು, ತಲೆಯಾಡಿಸಿದರು. ಒಬ್ಬರು ಬೆನ್ನು ತಟ್ಟುವುದೊಂದು ಬಾಕಿ. ಇದೇ ರೀತಿ ಇನ್ನೂ ನಾಲ್ಕು ಘಟಕಗಳಿಗೆ ಮಾಡಿಸುವ ಯೋಚನೆ ಇದೆಯಂತೆ. ಮನೆಗೆ ಬಂದು ನಮ್ಮವರಿಗೆ ಹೇಳಿದೆ, ಅವರು ಎಂದಿನಂತೆ "ಹ್ಞೂಂ" ಎಂದರು.

ಜೂನ್ 12, ಬುಧವಾರ

ಮೇಷ್ಟ್ರದು ಹೊಸ ತಗಾದೆ. ಹಿಂದೆಲ್ಲ ಪ್ರಮಾಣ ತುಂಬಿದ ಕೂಡಲೇ ಪಕ್ಕದ ಮುದ್ರಣ ಯಂತ್ರ ಒಂದು ಸಾಲು ಕಾಗದದ ಮೇಲೆ ಕುಟ್ಟುತ್ತಿತ್ತು, ಅದನ್ನು ಓದಿ ಸಹಿ ಹಾಕಿದರೆ ಕೆಲಸ ಮುಗಿಯಿತು. ಎಮ್ಯುಲೇಟರಿಗೆ ಆ ಮುದ್ರಣ ಯಂತ್ರ ಒಗ್ಗಲಿಲ್ಲ, ಎರಡನೇ ಹಂತಕ್ಕೆ ಇರಲಿ ಎಂದು ತೆಗೆದಿಟ್ಟೆ. ಈಗ ಅವರು ಪರದೆಯಲ್ಲಿ ಕಂಡದ್ದನ್ನೇ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

"ಇಲ್ಲಿ ಕಾಣೋದು ನಾನು ಒತ್ತಿದ್ದು. ಒಳಗೆ ಅದು ಏನು ತಿಳ್ಕೊಂಡಿದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಕಾಗದ ಇದ್ರೆ ಅದರ ಬಾಯಿಂದಲೇ ಕೇಳ್ದಂಗೆ."

"ಒಂದೇ ಅಲ್ವಾ ಮೇಷ್ಟ್ರೇ."

"ಒಂದೇ ಇರಬಹುದು. ಅಳಿಸೋ ಕೀ ಮಾತ್ರ ನನಗೆ ಸರಿ ಕಾಣ್ತಿಲ್ಲ. ಹಳೇದ್ರಲ್ಲಿ ಅಳಿಸಿದಾಗ ಯಂತ್ರ ಟಿಕ್ ಅಂತಿತ್ತು. ಇದು ಏನೂ ಅನ್ನಲ್ಲ."

ಅರ್ಧ ಗಂಟೆ ತಲೆ ತಿಂದರು. ದೂರು ಪುಸ್ತಕದಲ್ಲೂ ಬರೆದರು, ದುಂಡನೆಯ ಅಕ್ಷರದಲ್ಲಿ. ಅದರ ಕೆಳಗೆ ನಾನು "ಪರೀಕ್ಷಿಸಲಾಗಿದೆ. ಬಳಕೆದಾರರ ಹಳೆಯ ಅಭ್ಯಾಸದ ತೊಂದರೆ" ಎಂದು ಬರೆದು ಮುಚ್ಚಿದೆ. ಟಿಕ್ ಅನ್ನಲಿಲ್ಲವಂತೆ. ನಾಳೆ ಜೋಗುಳವನ್ನೂ ಕೇಳುತ್ತಾರೆ.

ಜೂನ್ 16, ಭಾನುವಾರ

ಮೇಲೆಲ್ಲೋ ಜೋರು ಮಳೆ, ನದಿ ಕೆಂಪಾಗಿ ಬರುತ್ತಿದೆ. ಆದರೆ ನಮ್ಮ ನಲ್ಲಿ ನೀರು ಕನ್ನಡಿಯಂತಿದೆ. ಅತ್ತೆ ಸಂಜೆ ಒಂದು ಲೋಟ ಕುಡಿದು, "ನಿನ್ನ ಘಟಕದವರು ಈಗ ಏನು ಹಾಕ್ತಾರೇ? ಮುಂಚೆ ಬಾಯಿಗಿಟ್ರೆ ಔಷಧಿ ವಾಸನೆ. ಈಗ ಎಷ್ಟು ರುಚಿಯಾಗಿದೆ" ಎಂದರು. ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನ ಕೆಲಸವನ್ನು ಹೊಗಳಿದ್ದು ಇದೇ ಮೊದಲು. ಕೀಬೋರ್ಡಿಗೂ ರುಚಿಗೂ ಸಂಬಂಧವಿಲ್ಲ ಎಂದು ಬಾಯಿವರೆಗೂ ಬಂದಿತ್ತು. ಬಂದ ಹೊಗಳಿಕೆಯನ್ನು ಯಾಕೆ ಹಿಂದೆ ಕಳಿಸಲಿ, ಸುಮ್ಮನಾದೆ.

ಜೂನ್ 21, ಶುಕ್ರವಾರ

ಬೀದಿಯಲ್ಲಿ ನಾಲ್ಕು ಮನೆಗಳಲ್ಲಿ ವಾಂತಿ, ಭೇದಿ. ಕಿಟಕಿ ಪರದೆ ಹೊಲಿಯಲು ಕೊಟ್ಟಿದ್ದ ಮೂಲೆ ಮನೆಯ ಹೊಲಿಗೆಯವರೂ ಅಂಗಡಿ ತೆರೆದಿಲ್ಲ. ಯಾರೋ ಹೊರಗಿನ ತಿಂಡಿ ಎಂದರು, ಯಾರೋ ನೊಣ ಎಂದರು. ಘಟಕದಲ್ಲಿ ನೀರಿನ ಪರೀಕ್ಷೆ ದಿನವೂ ಬೆಳಿಗ್ಗೆ ಒಂಬತ್ತೂವರೆಗೆ ನಡೆಯುತ್ತದೆ, ಎಲ್ಲ ಸರಿಯಾಗಿಯೇ ಬಂದಿದೆ. ಹಾಗಾಗಿ ನೀರಂತೂ ಅಲ್ಲ.

ಜೂನ್ 24, ಸೋಮವಾರ

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಎರಡೇ ದಿನಕ್ಕೆ ಕೈಗಳು ಒಣಗಿ ಸೊರಗಿಹೋಗಿವೆ. ವಾರ್ಡಿನಲ್ಲಿ ಜಾಗವಿಲ್ಲದೆ ಓಡಾಡುವ ದಾರಿಯಲ್ಲೇ ಮಂಚ ಹಾಕಿದ್ದಾರೆ. ಪಕ್ಕದ ಮಂಚದಲ್ಲಿ ಹೊಲಿಗೆಯವರು. ನನ್ನನ್ನು ಗುರುತಿಸಿ, "ನಿಮ್ಮ ಪರದೆ ಬಟ್ಟೆ ಮುಗಿದಿದೆ, ಯಾರನ್ನಾದ್ರೂ ಕಳಿಸಿ" ಎಂದರು. ನಾನೇ ಬರುತ್ತೇನೆ, ಮೊದಲು ನೀವು ಏಳಿ ಎಂದೆ.

ನರ್ಸ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು, "ಕುಡಿಯೋ ನೀರು ಎಲ್ಲಿಂದ?" ಎಲ್ಲರದ್ದೂ ಒಂದೇ ಉತ್ತರ.

ಜೂನ್ 26, ಬುಧವಾರ

ಹೊಲಿಗೆಯವರು ನಿನ್ನೆ ತೀರಿಕೊಂಡರು.

ಇಂಜಿನಿಯರ್ ಬೆಳಿಗ್ಗೆಯೇ ಕರೆಸಿದರು. ಹಳೆಯ ಯಂತ್ರದ ಹೊಟ್ಟೆಯಲ್ಲಿರುವ ದಾಖಲೆಯನ್ನು ತೆಗೆದುಕೊಡಬೇಕಿತ್ತು, ಅದನ್ನು ಓದಲು ಬರುವವಳು ನಾನೊಬ್ಬಳೇ. ತೆಗೆದೆ. ಬೆಳಗಿನ ಪಾಳಿಯ ಪ್ರಮಾಣ ಎಲ್ಲ ದಿನವೂ ಸರಿ, ಎರಡೂವರೆ, ಮೂರು, ನದಿ ಕೆಂಪಾದಂತೆ ಹೆಚ್ಚು. ಸಂಜೆ ಪಾಳಿಯದ್ದು 1. ಜೂನ್ ಏಳರಿಂದ ಮೇಷ್ಟ್ರು ಕೆಲಸಕ್ಕೆ ಬಂದ ಪ್ರತಿ ದಿನವೂ 1. ಅವರು ಮಧ್ಯಾಹ್ನ ಎರಡಕ್ಕೆ ತುಂಬಿದ್ದೇ ಮರುದಿನ ಬೆಳಿಗ್ಗೆ ಆರರವರೆಗೆ ನಡೆಯುವುದು. ಒಂಬತ್ತೂವರೆಯ ಪರೀಕ್ಷೆಯ ಹೊತ್ತಿಗೆ ನೀರು ಮತ್ತೆ ಸರಿ. ಮೇಷ್ಟ್ರ ಪುಸ್ತಕದಲ್ಲಿ ಮಾತ್ರ ದುಂಡು ಅಕ್ಷರದಲ್ಲಿ 2.4, 2.6, 3, ಕೆಳಗೆ ಸಹಿ.

"ಏನ್ರೀ ಇದು" ಎಂದರು ಇಂಜಿನಿಯರ್.

ಆ ಒಂದನ್ನು ಕಂಡ ಕೂಡಲೇ ಮೇಷ್ಟ್ರ ಬೆರಳು ನೆನಪಾಯಿತು. ಎಲ್ಲರೂ ಊಟಕ್ಕೆ ಹೋದಾಗ ಪರೀಕ್ಷೆಯ ಖಾತೆಯಲ್ಲಿ ಕೂತು ಮೇಷ್ಟ್ರ ಹಾಗೇ ಒತ್ತಿದೆ. ಒಂದು. ಅಳಿಸು. ಎರಡು, ಚುಕ್ಕೆ, ನಾಲ್ಕು. ಪರದೆಯ ಮೇಲೆ 2.4. ಯಂತ್ರದ ದಾಖಲೆಯಲ್ಲಿ 1.

ಪರದೆಯ ಮೇಲೆ ಮಾತ್ರ ಅಳಿದಿದೆ. ಯಂತ್ರಕ್ಕೆ ಒಂದು ಹೋಗಿದೆ, ಅದರ ಹಿಂದೆ ಅರ್ಥವಾಗದ ಎಂಟನೇ ಸಂಕೇತ ಹೋಗಿದೆ, ಅಂಕಿಯಲ್ಲದ್ದು ಬಂದಿತೆಂದು ಅದು ಅಲ್ಲಿಗೇ ಓದುವುದನ್ನು ನಿಲ್ಲಿಸಿದೆ. ತಪ್ಪಾಗಿ ಒತ್ತಿದ್ದು ಉಳಿಯಿತು, ತಿದ್ದಿ ಬರೆದದ್ದು ಹೋಯಿತು. ಏಳು ಸಲ ಮಾಡಿ ನೋಡಿದೆ. ಏಳು ಸಲವೂ 1.

ಇದು ನಾನು ಹಾಕಿದ ಸೆಟ್ಟಿಂಗ್. ನಾನೇ ಹಾಕಿದ್ದು. ಅವರು ಬಂದು ಹೇಳಿದ್ದರು, ನಾನು ನಕ್ಕಿದ್ದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ, ಇಂಜಿನಿಯರಿಗೆ ಹೇಳುವುದು.

ಜೂನ್ 27, ಗುರುವಾರ

ಮೊದಲು ಸರಿ ಮಾಡುವುದು ಮುಖ್ಯ, ಹೇಳುವುದು ಆಮೇಲೂ ಆಗುತ್ತದೆ. ಏಳು ಗಂಟೆಗೇ ಹೋಗಿ ಸಂಕೇತ ಬದಲಿಸಿದೆ. ಒಂದೇ ಸಾಲು. ಎಲ್ಲ ಕೀಗಳನ್ನೂ ಪರೀಕ್ಷಿಸಿದೆ, ಹತ್ತಾರು ಸಲ. ಈಗ ಅಳಿಸಿದ್ದು ಅಳಿಯುತ್ತದೆ. ಊರಿನ ನೀರು ಇವತ್ತಿನಿಂದ ಸುರಕ್ಷಿತ. ಅದನ್ನು ಮಾಡಿದ್ದೂ ನಾನೇ ಎನ್ನುವುದನ್ನು ಮರೆಯಬಾರದು.

ಇಂಜಿನಿಯರ್ ಇಡೀ ದಿನ ಫೋನಿನಲ್ಲಿದ್ದರು. ಮಾತಾಡಲು ಆಗಲಿಲ್ಲ.

ಜೂನ್ 28, ಶುಕ್ರವಾರ

ಇಂಜಿನಿಯರ್ ಸಭೆಯಲ್ಲಿ. ಅತ್ತೆ ಸ್ವಲ್ಪ ಸುಧಾರಿಸಿದ್ದಾರೆ.

ಜೂನ್ 30, ಭಾನುವಾರ

ಅತ್ತೆ ಮನೆಗೆ ಬಂದರು. ನೀರು ಕಾಯಿಸಿ ಆರಿಸಿ ಕೊಡುತ್ತಿದ್ದೇನೆ. ಮೂಲೆ ಮನೆಗೆ ಹೋಗಿ ಪರದೆ ಬಟ್ಟೆ ತಂದೆ. ಆಕೆಯ ತಂಗಿ ಮಡಿಸಿ ಕೊಟ್ಟಳು, ಅಂಚು ಎಷ್ಟು ನೇರವಾಗಿ ಹೊಲಿದಿದ್ದರು. ಅವರಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ ಇತ್ತಂತೆ. ಇಲ್ಲದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ.

ಜುಲೈ 1, ಸೋಮವಾರ

ನಾಳೆ ತನಿಖೆಗೆ ಮೂವರು ಬರುತ್ತಾರೆ. ಇಂಜಿನಿಯರ್ ನನ್ನನ್ನು ಕೂರಿಸಿಕೊಂಡು, "ಮೇಡಂ, ಹೊಸ ವ್ಯವಸ್ಥೆ ಮೇಲೆ ಏನಾದ್ರೂ ಅನುಮಾನ ಬಂದ್ರೆ ನಾಲ್ಕು ಘಟಕದ ಕೆಲಸವೂ ನಿಂತೋಗುತ್ತೆ. ನನ್ನದೂ, ನಿಮ್ಮದೂ. ಕೀಬೋರ್ಡ್ ಸರಿಯಾಗಿದೆ ಅಲ್ವಾ?" ಎಂದರು.

ಸರಿಯಾಗಿದೆ ಎಂದೆ. ಇವತ್ತು ಅದು ಸರಿಯಾಗಿಯೇ ಇದೆ, ಸುಳ್ಳೇನಲ್ಲ.

ಜುಲೈ 2, ಮಂಗಳವಾರ

ಎಲ್ಲರೂ ಸಂಜೆ ಪಾಳಿಯ ಮೇಜಿನ ಸುತ್ತ ನಿಂತಿದ್ದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. "ನಾನು ಒತ್ತಿದ್ದು ಎರಡು ಪಾಯಿಂಟ್ ನಾಲ್ಕೇ ಸಾರ್. ಅಳಿಸೋ ಕೀ ಸರಿಯಿಲ್ಲ ಅಂತ ಹನ್ನೆರಡನೇ ತಾರೀಕೇ ಬರೆದಿದ್ದೀನಿ" ಎಂದು ದೂರು ಪುಸ್ತಕ ತೆರೆದು ಅವರ ಮುಂದೆ ಹಿಡಿದರು. ತನಿಖೆಯವರು ಅದರ ಕೆಳಗಿನ ನನ್ನ ಸಾಲನ್ನು ಓದಿ ನನ್ನ ಕಡೆ ನೋಡಿದರು.

"ಆಗ ಏನಾದ್ರೂ ಬದಲಾಯಿಸಿದ್ರಾ?"

"ಇಲ್ಲ" ಎಂದೆ. ಹನ್ನೆರಡನೇ ತಾರೀಕು ನಾನು ಏನನ್ನೂ ಬದಲಾಯಿಸಿರಲಿಲ್ಲ. ಕೇಳಿದ್ದು ಅಷ್ಟೇ.

ಮಾಡಿ ತೋರಿಸಿ ಎಂದರು. ಒಂದು ಒತ್ತಿದೆ, ಅಳಿಸಿದೆ, ಎರಡು ಪಾಯಿಂಟ್ ನಾಲ್ಕು ತುಂಬಿದೆ. ಯಂತ್ರದ ದಾಖಲೆ ತೆರೆದು ತೋರಿಸಿದೆ, 2.4. ಮೇಷ್ಟ್ರೂ ಕೂತು ಮಾಡಿದರು, 2.4. ಇನ್ನೊಮ್ಮೆ ಮಾಡಿದರು. ಇನ್ನೊಮ್ಮೆ. ಆರನೇ ಸಲಕ್ಕೆ ಒಬ್ಬರು "ಸಾಕು ಬಿಡಿ" ಎಂದರು. ಮೇಷ್ಟ್ರು ಕೈಯನ್ನು ಕೀಬೋರ್ಡ್ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನೇ ನೋಡುತ್ತ ಕೂತರು.

"ಹಂಗಾದ್ರೆ ನಾನು ಒಂದು ಅಂತಲೇ ಒತ್ತಿದ್ದೀನಿ" ಎಂದರು. "ಒಂದು ಒತ್ತಿ ಎರಡು ಪಾಯಿಂಟ್ ನಾಲ್ಕು ಅಂತ ಬರೆದಿದ್ದೀನಿ. ಹದಿನೈದು ದಿನ."

ನಾನು ನೀರು ಕುಡಿಯಲು ಹೊರಗೆ ಹೋದೆ.

ಜುಲೈ 3, ಬುಧವಾರ

ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಮುಂದಿನದ್ದು ಪೊಲೀಸರಿಗೆ ಬಿಟ್ಟದ್ದಂತೆ.

ಜುಲೈ 9, ಮಂಗಳವಾರ

ಮೇಷ್ಟ್ರು ಘಟಕಕ್ಕೆ ಬಂದಿದ್ದರು, ತಮ್ಮ ಸಾಮಾನು ತೆಗೆದುಕೊಂಡು ಹೋಗಲು. ಕನ್ನಡಕದ ಡಬ್ಬಿ, ಒಂದು ಸ್ವೆಟರ್, ಒಂದು ಲೋಟ. ನನ್ನನ್ನು ಕಂಡು ಹತ್ತಿರ ಬಂದರು. ಅವರು ಬೈಯುವುದಕ್ಕೆ ಬಂದಿರಲಿಲ್ಲ.

"ನಿಮ್ಮ ಕೀಬೋರ್ಡ್ ಮೇಲೆ ಸುಮ್ನೆ ತಪ್ಪು ಹೊರಿಸ್ದೆ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮಮ್ಮಂಗೆ ಅರವತ್ತಕ್ಕೇ ಮರೆವು ಶುರುವಾಗಿತ್ತಮ್ಮ. ಒಲೆ ಹಚ್ಚಿ ಹಚ್ಚಿಲ್ಲ ಅನ್ನೋರು. ನನ್ನನ್ನೇ ಯಾರಪ್ಪಾ ನೀನು ಅಂತ ಕೇಳ್ತಿದ್ರು. ನನಗೂ ಬರುತ್ತೆ ಅಂತ ಭಯ ಇದ್ದೇ ಇತ್ತು, ಅದಕ್ಕೇ ಎಲ್ಲ ಎರಡೆರಡು ಸಲ ನೋಡ್ತಿದ್ದೆ. ಬಂದಿದ್ದೇ ಗೊತ್ತಾಗಲಿಲ್ಲ ನೋಡಿ. ಜೈಲಿಗೆ ಹಾಕ್ಲಿ, ಹೋಗ್ತೀನಿ. ಆದ್ರೆ ಈ ತಲೆಯನ್ನ ಇನ್ನು ಎಲ್ಲಿ ನಂಬ್ಲಿ?" ಎಂದರು.

ಬಾಯಿ ತೆರೆದೆ. ಇಂಜಿನಿಯರ್ ಬಾಗಿಲಲ್ಲಿ ನಿಂತಿದ್ದರು. "ವಯಸ್ಸಾದ ಮೇಲೆ ಎಲ್ಲರಿಗೂ ಇರತ್ತೆ ಮೇಷ್ಟ್ರೇ" ಎಂದೆ. ಸಮಾಧಾನಕ್ಕೆ ಹೇಳಿದ ಮಾತು. ಅವರು ಮಗುವಿನಂತೆ ತಲೆಯಾಡಿಸಿದರು, ಲೋಟವನ್ನು ಮೇಜಿನ ಮೇಲೇ ಮರೆತು ಹೋದರು. ಅದನ್ನು ನೋಡಿದ ಮೇಲೆ ನನಗೂ ಅನುಮಾನ ಬಂದಿದೆ. ನಿಜವಾಗಿಯೂ ಮರೆವು ಇರಬಹುದಲ್ಲವೇ? ಟಿಕ್ ಎಂಬ ಸದ್ದು ಕೇಳಿಸುತ್ತಿಲ್ಲ ಎಂದು ಯಾರಾದರೂ ದೂರು ಬರೆಯುತ್ತಾರೆಯೇ? ಪ್ರತಿ ದಿನ ಹೇಳಿದರೂ ಆ ಒಂದು ಒತ್ತುವುದನ್ನು ಬಿಡಲಿಲ್ಲ. ಸೆಟ್ಟಿಂಗಿನಲ್ಲಿ ಒಂದು ಸಣ್ಣ ಕೊರತೆ ಇತ್ತು ಎಂದೇ ಇಟ್ಟುಕೊಳ್ಳೋಣ. ಬೆಳಗಿನ ಹುಡುಗಿಗೆ ಅದರಿಂದ ಏನೂ ಆಗಲಿಲ್ಲವಲ್ಲ.

ಜುಲೈ 13, ಶನಿವಾರ

ನಾಲ್ಕು ಘಟಕಗಳ ಆದೇಶ ಬಂತು. ನಮ್ಮವರು ಈ ಸಲ "ಹ್ಞೂಂ" ಅನ್ನಲಿಲ್ಲ, "ಭೇಷ್" ಎಂದರು.

ಜುಲೈ 20, ಶನಿವಾರ

ಹೊಸ ಪರದೆ ಬಟ್ಟೆ ಹಾಕಿದೆ, ಕೋಣೆಗೆ ಕಳೆ ಬಂದಿದೆ. ಅತ್ತೆ ಓಡಾಡುತ್ತಿದ್ದಾರೆ. ಹೊಸ ಘಟಕದ ಕೆಲಸ ಸೋಮವಾರದಿಂದ.

ಮಧ್ಯಾಹ್ನ ಒಂದು ಫೋನ್ ಬಂತು, ಮೇಷ್ಟ್ರ ಮಗಳಂತೆ. ಅಳುತ್ತಿರಲಿಲ್ಲ, ತುಂಬ ಸುಸ್ತಾದ ದನಿ. "ಅಪ್ಪ ಗ್ಯಾಸ್ ಹಚ್ಚೋದು ಬಿಟ್ಟಿದ್ದಾರೆ. ರಸ್ತೆ ದಾಟಲ್ಲ. ನನ್ನ ಮಗಳನ್ನ ಎತ್ಕೊಳ್ಳೋದಿಲ್ಲ, ಬೀಳಿಸಿಬಿಡ್ತೀನಿ ಅಂತಾರೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಕಾಣ್ತಿಲ್ಲ ಅಂದ್ರು. ಜೊತೆಲಿ ಕೆಲಸ ಮಾಡಿದವರನ್ನ ಕೇಳಿ, ಮುಂಚೆ ಏನಾದ್ರೂ ಲಕ್ಷಣ ಇತ್ತಾ ಅಂತ ಹೇಳಿದ್ರು. ಅಪ್ಪ ನಿಮ್ಮ ಹೆಸರು ಹೇಳಿದ್ರು. ಆಯಮ್ಮ ಸುಳ್ಳು ಹೇಳಲ್ಲ, ಅವರನ್ನ ಕೇಳು ಅಂದ್ರು."

ಇಂಥ ವಿಷಯಗಳನ್ನು ತೂಗಿ ಹೇಳಬೇಕಾಗುತ್ತದೆ.

"ಇತ್ತು" ಎಂದೆ. "ನಾನು ಬಂದ ಮೊದಲನೇ ವಾರದಿಂದಲೂ ಗಮನಿಸಿದ್ದೆ."

ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು. "ಒಬ್ಬರಾದ್ರೂ ನಿಜ ಹೇಳಿದ್ರಿ" ಎಂದಳು. "ಡಾಕ್ಟರು ಹೇಳಿದ್ದನ್ನ ನಂಬಿ ನಾನು ಅವರಿಗೆ ಧೈರ್ಯ ತುಂಬ್ತಿದ್ದೆ, ನಿನಗೇನೂ ಆಗಿಲ್ಲ ಅಂತ. ಇನ್ನು ಹಂಗೆ ಹೇಳಲ್ಲ. ನಾಳೆಯಿಂದ ನಾನು ಕೆಲಸಕ್ಕೆ ಹೋಗುವಾಗ ಅವರನ್ನ ಒಳಗೆ ಬಿಟ್ಟು ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತೀನಿ."

ಅದೇ ಒಳ್ಳೆಯದು ಎಂದೆ. ಅವಳು ಎರಡು ಸಲ ಥ್ಯಾಂಕ್ಸ್ ಹೇಳಿದಳು. ಫೋನ್ ಇಟ್ಟ ಮೇಲೆ, ಎಷ್ಟೋ ದಿನಗಳ ನಂತರ, ಮನಸ್ಸು ಹಗುರವಾಯಿತು.